ಬೇಲೂರು ತಾಲೂಕಿನಲ್ಲಿ ಸಮುದ್ರವಿಲ್ಲವೆಂಬ ಮಹಜರು

ಬೇಲೂರು ತಾಲೂಕು ಕಚೇರಿಯ ಗುಮಾಸ್ತ ಭಾಷ್ಯಂ ಹುಟ್ಟಿದ ಮೇಲೆ ಸುಳ್ಳು ಬರೆದವರಲ್ಲ, ಮೀನು ಮುಟ್ಟಿದವರೂ ಅಲ್ಲ. ದೇವಸ್ಥಾನದ ಪರಿಚಾರಕರ ಮನೆತನ. ಏಳು ವರ್ಷ ದುಡಿದರೂ ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಆಗದೆ, ಮದುವೆಯ ಮಾತಾಗಿದ್ದ ಯದುಗಿರಿಯನ್ನು ಕೊಡುವುದಿಲ್ಲವೆಂದು ಆಕೆಯ ತಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಐವತ್ತೆಂಟನೇ ಇಸವಿ. ಕರಾವಳಿ ರಾಜ್ಯಕ್ಕೆ ಸೇರಿದ ಹೊಸತು. ಸಮುದ್ರದ ಮೀನಿನ ಲೆಕ್ಕ ಸುಧಾರಿಸಬೇಕೆಂಬ ಹುರುಪು ಮೇಲಿನವರಿಗೆ ಹತ್ತಿ, ಎಲ್ಲ ತಾಲೂಕಿಗೂ ಒಂದೇ ಫಾರಂ ಕಳಿಸಿದರು. ದಡಕ್ಕೆ ಬಂದ ಮೀನೆಷ್ಟು ಎಂಬಲ್ಲಿ ಭಾಷ್ಯಂ 'ಇಲ್ಲ' ಎಂದು ಬರೆದರು. 'ಇಲ್ಲದಿರಲು ಕಾರಣವೇನು?' ಎಂದು ಮೆಮೊ ಬಂತು. 'ಸಮುದ್ರವಿಲ್ಲ' ಎಂದು ಬರೆದರು. 'ಸ್ಥಳ ತನಿಖೆ ಮಾಡಿ, ಸಮುದ್ರವಿಲ್ಲವೆಂದು ಪಂಚರ ರುಜು ಪಡೆದು ಮಹಜರು ಕಳಿಸಿ. ಅಲ್ಲಿಯವರೆಗೆ ನಿಮ್ಮ ಕೆಲಸ ಖಾಯಂ ಮಾಡುವಂತಿಲ್ಲ' ಎಂದು ಇನ್ನೊಂದು ಬಂತು. ನಗಬೇಕೋ ಅಳಬೇಕೋ ತಿಳಿಯದೆ ಅವರು ಮಾದಿಹಳ್ಳಿಯ ಬಸ್ಸು ಹತ್ತಿದರು.

"ಹೆಬ್ಬೆಟ್ಟು ಒತ್ತಕಿಲ್ಲ ಕಣ್ರೀ," ಎಂದ ಪಂಚನಾಗಲು ಕರೆಸಿದ್ದ ಅಲ್ಲಿನ ರೈತ ಲಕ್ಕಪ್ಪ. "ಸಮುದ್ರ ಹೆಂಗೈತೆ ಅಂತ್ಲೇ ನಾ ಕಂಡಿಲ್ಲ. ಕಾಣದೇ ಇರೋದು ಇಲ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವ್ ಕಂಡಿದ್ದೀರಾ?"

"ಇಲ್ಲಪ್ಪ," ಎಂದರು ಭಾಷ್ಯಂ, ಕುಗ್ಗಿಹೋಗಿ.

ಲಕ್ಕಪ್ಪನ ಅತ್ತಿಗೆ ಮುದ್ದಮ್ಮ ದಾರಿ ತೋರಿಸಿದಳು. "ಅದರ ನೀರು ಉಪ್ಪಂತೆ ಸ್ವಾಮಿ. ಕುಡುದು ನೋಡುದ್ರೆ ಗೊತ್ತಾಗಕಿಲ್ವಾ?"

ಸರಿ, ಪಂಚರನ್ನು ಕಟ್ಟಿಕೊಂಡು ಹೊರಟರು. ಗೆಂಡೆಹಳ್ಳಿಯ ಬಾವಿಗಳಾದವು, ಹುಲಿಕೆರೆಯ ಕೊಳವಾಯಿತು. ಮಡಿವಂತ ಭಾಷ್ಯಂ ತಂಬಿಗೆ ತುಟಿಗೆ ತಾಗಿಸದೆ ಎತ್ತಿ ಕುಡಿದು, ಪಂಚರಿಗೂ ಕುಡಿಸಿ, 'ಸಿಹಿ' ಎಂದು ಬರೆದುಕೊಂಡರು. ಮೂರನೇ ದಿನಕ್ಕೆ ಎಲ್ಲರ ಹೊಟ್ಟೆಯೂ ಕೆಟ್ಟಿತು. ಕೊನೆಗೆ ಉಳಿದದ್ದು ಲಕ್ಕಪ್ಪನ ಹಿತ್ತಲ ಬಾವಿ. ಅದರ ನೀರು ಉಪ್ಪುಪ್ಪಾಗಿತ್ತು.

"ಮೊದಲಿಂದ್ಲೂ ಹಿಂಗೇಯ. ದನ ಕುಡೀತವೆ," ಎಂದ ಲಕ್ಕಪ್ಪ.

ಭಾಷ್ಯಂ ಮತ್ತೊಮ್ಮೆ ಕುಡಿದು ನೋಡಿದರು. ಸುಳ್ಳು ಬರೆಯಲಾರದೆ 'ಉಪ್ಪು' ಎಂದೇ ಬರೆದರು. ಕುಡಿದು ಕಂಡದ್ದಾದ್ದರಿಂದ ಪಂಚರೂ ನೆಮ್ಮದಿಯಾಗಿ ಹೆಬ್ಬೆಟ್ಟು ಒತ್ತಿದರು.

ತಿಂಗಳೊಳಗೆ ಹುಕುಂ ಬಂತು. ಮಾದಿಹಳ್ಳಿಯಲ್ಲಿ ಸಮುದ್ರವಿರುವುದು ಮಹಜರಿನಿಂದ ರುಜುವಾತಾಗಿದೆ. ಅಲ್ಲಿನ ಮೀನಿನ ಲೆಕ್ಕಕ್ಕೆ ಭಾಷ್ಯಂ ಅವರನ್ನು ಖಾಯಂ ಆಗಿ ನೇಮಿಸಿದೆ. ಮದುವೆ ನಡೆಯಿತು. ದಿನಾ ಬೆಳಿಗ್ಗೆ ಭಾಷ್ಯಂ ಕೊಡೆ ಹಿಡಿದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದರು. ಮುದ್ದಮ್ಮ ಕೊಡ ಸೇದಿದಾಗಲೆಲ್ಲ ಇಣುಕಿ ನೋಡಿ 'ಇಲ್ಲ' ಎಂದು ಬರೆಯುತ್ತಿದ್ದರು.

ಆರು ತಿಂಗಳ ಮೇಲೆ ಮತ್ತೆ ಮೆಮೊ ಬಂತು: 'ಮೀನು ಇಲ್ಲದಿರಲು ಕಾರಣವೇನು?'

ನಿಜವಾದ ಉತ್ತರ ಅವರಿಗೆ ಗೊತ್ತಿತ್ತು, ಹಿಂದೊಮ್ಮೆ ಬರೆದೂ ಇದ್ದರು. ಈಗ ಬರೆದರೆ ಕೆಲಸವೂ ಇಲ್ಲ. ಮನೆಯಲ್ಲಿ ಯದುಗಿರಿ ಬಸುರಿ.

'ಸಮುದ್ರವಿದೆ' ಎಂದು ಬರೆದರು. 'ಮೀನು ಇನ್ನೂ ಬಂದಿಲ್ಲ.'