ಮೂರು ಸೆಕೆಂಡಿನ ಬೆಸುಗೆ

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಷ್ಟು ವರ್ಷವೂ ಹುಡುಗರಿಗೆ ನನ್ನ ಮೊದಲ ಪಾಠ ಒಂದೇ. ಟ್ರಾನ್ಸಿಸ್ಟರಿನ ತಂತಿಗೆ ಕಾದ ಸೋಲ್ಡರಿಂಗ್ ಐರನ್ ಮೂರು ಸೆಕೆಂಡು ಮೀರಿ ತಾಗಬಾರದು. ತಂತಿಯನ್ನು ಇಕ್ಕಳದಲ್ಲಿ ಹಿಡಿದಿರಬೇಕು. ಬಿಸಿ ಇಕ್ಕಳಕ್ಕೆ ಹೋಗಲಿ, ಒಳಗಿನ ಹರಳಿಗೆ ಬೇಡ.

ಹಳೆಯ ಟ್ರಾನ್ಸಿಸ್ಟರಿನಲ್ಲಿ ಜರ್ಮೇನಿಯಂ ಹರಳಿನ ಎರಡೂ ಬದಿಗೆ ಇಂಡಿಯಂ ಎಂಬ ಮೆತ್ತನೆಯ ಲೋಹದ ಚುಕ್ಕೆಯನ್ನು ಕಾಯಿಸಿ ಬೆರೆಸಿರುತ್ತಾರೆ. ಆರುವಾಗ ಲೋಹ ಕುಗ್ಗುವ ಅಳತೆ ಬೇರೆ, ಹರಳಿನದು ಬೇರೆ. ಆ ಎಳೆದಾಟಕ್ಕೆ ಪರಮಾಣುಗಳ ಸಾಲು ಅಲ್ಲಲ್ಲಿ ಜಾರಿರುತ್ತದೆ. ಮತ್ತೆ ಕಾಯಿಸಿದರೆ ಇನ್ನಷ್ಟು ಜಾರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ತಣ್ಣಗಿರುವಾಗ ಕೆಲಸವನ್ನೂ ಮಾಡುತ್ತದೆ. ಬಿಸಿಯೇರಿದ ಮೇಲೆ ಕರೆಂಟು ಸೋರಿ ಬರೀ ಗದ್ದಲ.

ಹೆಂಡತಿ ಹಾಸಿಗೆ ಹಿಡಿದಾಗ, ಅರಕಲಗೂಡಿನ ತವರಿನಿಂದ ತಂದಿದ್ದ ತನ್ನ ಹಳೆಯ ರೇಡಿಯೊ ಬೇಕೆಂದಳು. ಅದು ಕೆಟ್ಟಿತ್ತು. ಒಂದು ಟ್ರಾನ್ಸಿಸ್ಟರ್ ಬದಲಾಯಿಸಲು ಅವಳ ಮಂಚದ ಪಕ್ಕದಲ್ಲೇ ಕೂತೆ.

"ಏನ್ ಮೇಷ್ಟ್ರೇ, ಹಾಡೆಲ್ಲ ಮುಗ್ದು ವಾರ್ತೆ ಬರೋ ಹೊತ್ತಾಯ್ತು. ನಿಮ್ ಮೂರು ಸೆಕೆಂಡು ಇನ್ನೂ ಆಗ್ಲಿಲ್ವಾ?"

ಅವಳು ಹೀಗೆ ನಕ್ಕು ಬಹಳ ದಿನವಾಗಿತ್ತು. ಇಕ್ಕಳ ಒಳಕೋಣೆಯಲ್ಲಿತ್ತು, ಏಳಲಿಲ್ಲ. ಬೆಸುಗೆಯ ಸೀಸ ಸರಿಯಾಗಿ ಕರಗದಿದ್ದಾಗ ಐರನ್ ಒತ್ತಿ ಹಿಡಿದೆ. ಎಣಿಸಲಿಲ್ಲ. ರೇಡಿಯೊ ಹಾಡಿತು.

ಅಂದಿನಿಂದ ಬೆಳಿಗ್ಗೆ ಆರೂವರೆಗೆ ರೇಡಿಯೊ ಹಾಕಿ, ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡುತ್ತಿದ್ದೆ. ಏಳೂಕಾಲಿಗೆ ಹಾಲು ಹಿಡಿದು ವಾಪಸು. ಒಂದು ದಿನವೂ ತಪ್ಪಲಿಲ್ಲ. ಬರುವಷ್ಟರಲ್ಲಿ ರೇಡಿಯೊ ಆಫ್ ಆಗಿರುತ್ತಿತ್ತು.

"ಚೆನ್ನಾಗಿ ಬಂತಾ?"

"ಬಂತು ಕಣ್ರೀ."

ಅವಳ ಕಾರ್ಯವೆಲ್ಲ ಮುಗಿದ ಮೇಲೆ, ಅಷ್ಟು ದಿನ ನಮ್ಮಲ್ಲೇ ಇದ್ದು ನೋಡಿಕೊಂಡಿದ್ದ ಅವಳ ತಂಗಿ ಚನ್ನರಾಯಪಟ್ಟಣಕ್ಕೆ ಹೊರಟು ನಿಂತಳು. ಅಕ್ಕನ ನೆನಪಿಗೆ ರೇಡಿಯೊ ತೆಗೆದುಕೊಂಡು ಹೋಗಮ್ಮ ಎಂದೆ.

"ಅದೆಲ್ಲಿ ಹಾಡ್ತದೆ ಭಾವ? ನೀವು ಗೇಟು ದಾಟ್ತಿದ್ದಂಗೇ ಬುಸ್ಸನ್ನೋಕೆ ಶುರು ಮಾಡೋದು. ಆಫ್ ಮಾಡ್ತೀನಿ ಅಂದ್ರೆ ಅಕ್ಕ ಬಿಡ್ತಿರ್ಲಿಲ್ಲ. 'ಇರ್ಲಿ ಬುಡೇ, ನಂಗೋಸ್ಕರ ಮಾಡವ್ರೆ. ಅವ್ರು ಬರೋ ಹೊತ್ಗೆ ಆಫ್ ಮಾಡು, ಸಾಕು. ಕೆಟ್ಟೋಗದೆ ಅಂತ ಗೊತ್ತಾದ್ರೆ ಮನ್ಸಿಗೆ ಹಚ್ಕೋತಾರೆ' ಅನ್ನೋಳು."

ರೇಡಿಯೊ ಇಲ್ಲೇ ಉಳಿಯಿತು. ಬೀರುವಿನಲ್ಲಿ ಅದೇ ಬಗೆಯ ಇನ್ನೊಂದು ಟ್ರಾನ್ಸಿಸ್ಟರ್ ಇದೆ. ಇಕ್ಕಳವೂ ಅಲ್ಲೇ ಇದೆ. ಬದಲಾಯಿಸಿಲ್ಲ.

ವಾಕಿಂಗ್ ಬಿಟ್ಟಿದ್ದೇನೆ. ಆರೂವರೆಗೆ ಸರಿಯಾಗಿ ರೇಡಿಯೊ ಹಾಕುತ್ತೇನೆ. ನಾಲ್ಕೈದು ನಿಮಿಷ ಹಾಡು ಬರುತ್ತದೆ. ಆಮೇಲೆ ಬರುವುದನ್ನು ಅವಳ ಮಂಚದ ಪಕ್ಕ ಕೂತು, ಏಳೂಕಾಲಿನವರೆಗೆ ಕೇಳುತ್ತೇನೆ.