ಕಪ್ಪು ಪರದೆಗೆ ಗಂಡನ ಹೆಸರು

ಹೇಮಾಕ್ಷಿಯ ಗಂಡನ ಹೆಸರು ನೋಣಯ್ಯ. ನಾವು ಹೇಳಬಹುದು, ಅವಳು ಹೇಳುವ ಹಾಗಿಲ್ಲ. ಮದುವೆಯಾದಂದಿನಿಂದ ಅವನು ಅವಳಿಗೆ ‘ಅವರು’. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಮುಖ ನೋಡಿ ಅವರಿಂದ ಹೇಳಿಸುತ್ತಿದ್ದಳು. ಫಳ್ನೀರಿನ ಕ್ಲಿನಿಕ್ಕೊಂದರ ಕೌಂಟರಿನಲ್ಲಿ ಕೂತು ದಿನವಿಡೀ ಊರವರ ಹೆಸರನ್ನೆಲ್ಲ ಕೂಗಿ ಕರೆಯುವ ಬಾಯಿ ಅದು. ಈ ಒಂದು ಹೆಸರಿಗೆ ಮಾತ್ರ ಬೀಗ.

ನೋಣಯ್ಯ ಬಹರೈನಿನಲ್ಲಿ ದುಡಿಯುತ್ತಿದ್ದ. ಸಂಸಾರವೆಲ್ಲ ವಾಯ್ಸ್ ಮೆಸೇಜಿನಲ್ಲೇ ನಡೆಯಿತು. ಕಳೆದ ವರ್ಷ ಅಲ್ಲೇ ತೀರಿಕೊಂಡ. ಮಕ್ಕಳಿಲ್ಲ. ಸಂಜೆ ಬಾಡಿಗೆ ಮನೆಯ ಬಾಗಿಲು ತೆರೆದರೆ ಫ್ರಿಜ್ಜಿನ ಸದ್ದೊಂದೇ. ಆ ಮೆಸೇಜುಗಳನ್ನು ಒಂದೊಂದಾಗಿ ಒತ್ತಿ ಕೇಳುತ್ತಿದ್ದಳು. ಎರಡರ ನಡುವೆ ಮನೆ ಮತ್ತೆ ಖಾಲಿಯಾಗುತ್ತಿತ್ತು. ಅದನ್ನು ಅವಳಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ಕ್ಲಿನಿಕ್ಕಿನ ಲ್ಯಾಬಿನ ಡುಲ್ಸಿನ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಳು. ಮೆಸೇಜುಗಳನ್ನೆಲ್ಲ ಹೇಮಾಕ್ಷಿಯ ಹಳೆ ಲ್ಯಾಪ್‌ಟಾಪಿಗೆ ತುಂಬಿ, ಒಂದಕ್ಕೊಂದು ಜೋಡಿಸಿ ಕೇಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟಳು. ಕಪ್ಪು ಪರದೆ ತೆರೆದು ಪೈಥಾನ್ ಎಂದು ಟೈಪ್ ಮಾಡಬೇಕು, ಮುಂದೆ ಸ್ಕ್ರಿಪ್ಟಿನ ಹೆಸರು, ಅದರ ಮುಂದೆ ಫೋಲ್ಡರಿನ ಹೆಸರು, ಆಮೇಲೆ ಎಂಟರ್.

“ಫೋಲ್ಡರಿಗೆ ನಿಮ್ಮ ಗಂಡನ ಹೆಸರೇ ಇಟ್ಟಿದ್ದೇನೆ ಹೇಮಕ್ಕ. ಮರೆಯುದಿಲ್ಲ ಅಲ್ವಾ?”

ಆಟಿ ತಿಂಗಳ ಒಂದು ಭಾನುವಾರ, ತೀರಿಹೋದವರಿಗೆ ಬಡಿಸುವ ದಿನ. ಬಾಳೆ ಎಲೆಗೆ ಅನ್ನ, ಅವನಿಗಿಷ್ಟದ ಬಂಗುಡೆ ಮೀನಿನ ಪುಳಿಮುಂಚಿ ಹಾಕಿ ಹೇಮಾಕ್ಷಿ ಲ್ಯಾಪ್‌ಟಾಪ್ ತೆರೆದಳು. ಈ ಹೊತ್ತಿಗೆ ಅವನ ದನಿ ಮನೆಯಲ್ಲಿರಬೇಕು, ಅಷ್ಟೇ ಅವಳ ಆಸೆ. ಹೇಳಿಕೊಟ್ಟ ಹಾಗೆಯೇ ಟೈಪ್ ಮಾಡಿದಳು. ಅಂಥ ಫೋಲ್ಡರ್ ಇಲ್ಲ ಎಂದಿತು ಪರದೆ. ಮತ್ತೊಮ್ಮೆ ಮಾಡಿದಳು. ಇಲ್ಲವೆಂದರೆ ಇಲ್ಲ. ಅನ್ನ ಆರುತ್ತಿತ್ತು. ಡುಲ್ಸಿನ್‌ಗೆ ಫೋನ್ ಮಾಡಿದಳು.

“ಹೆಸರು ಎಂತ ಹಾಕಿದ್ರಿ?”

“ಅವರು.”

“ಅವರು ಅಂದ್ರೆ?”

“ಅವರೇ ಮಾರಾಯ್ತಿ, ಮತ್ತೆ ಯಾರು?”

ಡುಲ್ಸಿನ್ ನಕ್ಕುಬಿಟ್ಟಳು. ಆಮೇಲೆ ಮೆತ್ತಗೆ, “ಅವರು ಅಂದ್ರೆ ಯಾರೂಂತ ಅದಕ್ಕೆ ಗೊತ್ತಿಲ್ಲ ಹೇಮಕ್ಕ. ನೀವೇ ಹೇಳ್ಬೇಕು” ಎಂದಳು.

ಫೋನಿಟ್ಟು ಹೇಮಾಕ್ಷಿ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಹೇಳಿಸಲು ಯಾರೂ ಇರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಎಂಟರ್.

“ಹೇಮಾ, ಒಣಸ್ ಆಂಡಾ?”

ಊಟವಾಯಿತೇ ಎಂಬ ಅದೇ ತುಳು ಮಾತು. ಅದರ ಬೆನ್ನಿಗೇ ಮರುದಿನದ್ದು, “ಒಣಸ್ ಆಂಡಾ?” ಮತ್ತೆ ಅದರ ಮರುದಿನದ್ದು, ನಡುವೆ ಬಿಡುವೇ ಇಲ್ಲದೆ. ಇಷ್ಟು ವರ್ಷ ಇದೊಂದನ್ನೇ ಕೇಳಿದನೇ ಈ ಮಹಾನುಭಾವ! ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

“ಇನ್ನೂ ಇಲ್ಲ, ನೋಣಯ್ಯ” ಎಂದಳು ಗಟ್ಟಿಯಾಗಿ. “ಮೊದಲು ನಿಮ್ಮದಾಗಲಿ.”

ಎಲೆಗೆ ಇನ್ನೊಂದು ಬಂಗುಡೆ ಹಾಕಿ, ತೀರಿಹೋದವರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಹೊರಗೆ ಕುಳಿತಳು. ಒಳಗೆ ಅವನು ಕೇಳುತ್ತಲೇ ಇದ್ದ.