ನಮ್ಮ ಮನೆಯ ಬುಧವಾರ

ಅಪ್ಪ ದುಡಿಯುತ್ತಿದ್ದ ಔಷಧ ಕಾರ್ಖಾನೆಗೆ ವಾರದ ರಜೆ ಬುಧವಾರ. ತೆಲುಗು ಸೀಮೆಯ ಪಟಾನ್‌ಚೆರುವಿನ ಕಾರ್ಖಾನೆಗಳೆಲ್ಲ ಒಂದೇ ದಿನ ಬಾಗಿಲು ಹಾಕುತ್ತಿರಲಿಲ್ಲ. ಕರೆಂಟು ಎಲ್ಲರಿಗೂ ಸಾಲಲಿ ಎಂದು ಒಂದೊಂದು ಸಾಲಿಗೆ ಒಂದೊಂದು ದಿನ ಹಂಚಿದ್ದರು. ನಮ್ಮ ಪಾಲಿಗೆ ಬುಧವಾರ ಬಂದಿತ್ತು. ಅವತ್ತು ಎಣ್ಣೆಸ್ನಾನ, ಅವತ್ತೇ ಹಾಸಿಗೆಗಳು ಬಿಸಿಲಿಗೆ, ಅವತ್ತು ಮಧ್ಯಾಹ್ನ ಹೋಳಿಗೆಯೋ ಎಣ್ಣೆಗಾಯಿ ರೊಟ್ಟಿಯೋ ಮಾಡಿ ಅಪ್ಪ, ಅವ್ವ, ತಮ್ಮ, ನಾನು ಕೂಡಿ ಊಟ. ಉಳಿದ ದಿನ ಅಪ್ಪನ ಪಾಳಿ ಬದಲಾಗುತ್ತಲೇ ಇರುತ್ತಿದ್ದುದರಿಂದ ಅವರು ಉಣ್ಣುವ ಹೊತ್ತಿಗೆ ನಾವು ಮಲಗಿರುತ್ತಿದ್ದೆವು, ಇಲ್ಲವೇ ಹೊರಗಿರುತ್ತಿದ್ದೆವು.

ಡಿಗ್ರಿ ಮುಗಿಯುವವರೆಗೆ ಇದರಿಂದ ತೊಂದರೆಯಾಗಿರಲಿಲ್ಲ. ನಾನು ಓದಿದ್ದು ಮನೆಯಿಂದ ನಡೆದು ಹೋಗುವಷ್ಟು ದೂರದ ಕಾಲೇಜು. ಅಲ್ಲಿ ಅರ್ಧಕ್ಕರ್ಧ ನಮ್ಮ ಸಾಲಿನ ಕಾರ್ಖಾನೆಯವರ ಮಕ್ಕಳೇ. ಬುಧವಾರ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು, ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಲಿಂಗಂಪಲ್ಲಿಯ ಆಚೆಗಿನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೀಟು ಸಿಕ್ಕಿತು. ಆಗ ಆ ದಾರಿಯುದ್ದಕ್ಕೂ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ನೆರೆಯವರು ಸಿಕ್ಕಾಗಲೆಲ್ಲ, “ಕೆಮಿಸ್ಟ್ರಿ ಯಾಕ ಓದಸ್ತೀರಿ? ಕಂಪ್ಯೂಟರಿಗೆ ಹಾಕ್ರಿ,” ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದರು.

ಬೆಳಿಗ್ಗೆ ನಾನು ಹೋಗುತ್ತಿದ್ದುದು ಕಂಪನಿ ಬಸ್ಸಿನಲ್ಲಿ. ರಾತ್ರಿ ಪಾಳಿ ಮುಗಿಸಿದವರನ್ನು ಊರೊಳಗೆ ಬಿಡಲು ಹೊರಡುವ ಬಸ್ಸು ಅದು. ಅಪ್ಪ ಡ್ರೈವರನಿಗೆ ಹೇಳಿ ನನ್ನನ್ನು ಹತ್ತಿಸಿದ್ದರು. ಎಲ್ಲರೂ ಬಾಯಿ ತೆರೆದು ನಿದ್ದೆ ಹೋಗಿರುತ್ತಿದ್ದರು. ಅವರ ಅಂಗಿಗಳಿಂದ ಔಷಧದ ಘಾಟು ಬರುತ್ತಿತ್ತು. ಬೀದರ ಕಡೆಯ ಒಬ್ಬರು ಮಾತ್ರ ಎಚ್ಚರವಿದ್ದು ಕೇಳುತ್ತಿದ್ದರು, “ಏನ್ ತಂಗಿ, ನಿಂದೂ ನೈಟ್ ಶಿಫ್ಟ್ ಏನು? ನಮ್ಮಕಿಂತ ನಿನ್ನ ಮಾರಿನ ಭಾಳ ಬಾಡೇತಿ.” ಸುಳ್ಳಲ್ಲ. ಸಂಜೆ ಸಿಟಿ ಬಸ್ಸಿನಲ್ಲಿ ನಿಂತೇ ಬಂದು, ಓದಿ ಮಲಗಿ, ಮತ್ತೆ ಕತ್ತಲಲ್ಲೇ ಎದ್ದರೆ ಮುಖ ಬಾಡದೆ ಏನಾಗುತ್ತದೆ? ಕ್ಲಾಸಿನಲ್ಲಿ ಹಾಸ್ಟೆಲಿನ ಹುಡುಗಿಯರು ಚಹಾ ಕುಡಿದು ಬಂದು ಕೂತಾಗ ನನಗೆ ಆಗಲೇ ಅರ್ಧ ದಿನ ಕಳೆದಂತಿರುತ್ತಿತ್ತು.

ಮಂಗಳವಾರ ರಾತ್ರಿಯೇ ಕಾರ್ಖಾನೆ ನಿಲ್ಲುತ್ತಿದ್ದುದರಿಂದ ಬುಧವಾರ ಕಂಪನಿ ಬಸ್ಸಿಲ್ಲ. ಮನೆಯಲ್ಲಿ ಎಣ್ಣೆ ಕಾಯುತ್ತಿರುತ್ತಿತ್ತು. ನಾನು ಹೋಗುತ್ತಿರಲಿಲ್ಲ. ಹೋಗಬೇಕೆಂದು ಮನಸ್ಸಿಗೆ ಬರಲೂ ಇಲ್ಲ ಎಂದರೆ ಈಗಿನವರು ನಂಬಲಿಕ್ಕಿಲ್ಲ. ಭಾನುವಾರ ಬಸ್ಸು ಬರುತ್ತಿತ್ತು, ಅವ್ವ ಎಂದಿನಂತೆ ಡಬ್ಬಿ ಕಟ್ಟುತ್ತಿದ್ದಳು. ಹಾಗಾಗಿ ಭಾನುವಾರ ಹೋಗಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು, ಬಾಗಿಲು ತೆರೆದಾಗ ಮೊದಲು ಒಳಗೆ ಹೋಗುತ್ತಿದ್ದೆ. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದೇನೆ ಎಂದೇ ನನ್ನ ತಿಳಿವಳಿಕೆ.

ಲ್ಯಾಬ್ ಇದ್ದದ್ದು ವಾರಕ್ಕೆ ಒಂದೇ ಸಲ, ಬುಧವಾರ ಬೆಳಿಗ್ಗೆ. ಲ್ಯಾಬಿನ ಮೇಡಂ ಒಂದು ಮಂಗಳವಾರ ನನ್ನನ್ನು ಕರೆದರು. ಅವರು ಇಲ್ಲಿಯವರೇ, ಹಿಂದಿ ತೆಲುಗು ಕಲಸಿ ಮಾತಾಡುತ್ತಿದ್ದರು.

“ಭಾನುವಾರ ಮೆಟ್ಟಿಲ ಮೇಲೆ ಕೂಡ್ತೀಯಂತೆ. ವಾಚ್‌ಮನ್ ಹೇಳಿದ. ನನ್ನ ಲ್ಯಾಬಿಗೆ ಯಾಕಮ್ಮಾ ಬರೋದಿಲ್ಲ?”

“ಬುಧವಾರ ನಮಗೆ ಸೂಟಿ, ಮೇಡಂ.”

“ನಿಮಗೆ ಅಂದರೆ ಯಾರಿಗೆ?”

ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಬೈಯಲಿಲ್ಲ. ಇನ್ನೊಂದು ಬುಧವಾರ ತಪ್ಪಿದರೆ ಪರೀಕ್ಷೆಗೆ ಕೂಡಿಸಲು ತಮ್ಮ ಕೈಯಲ್ಲಾಗುವುದಿಲ್ಲ, ವರ್ಷ ಹೋಗುತ್ತದೆ ಎಂದರು.

ಮನೆಗೆ ಬಂದು ಹೇಳಿದಾಗ ಅಪ್ಪ ಶೂ ಬಿಚ್ಚುತ್ತಿದ್ದರು.

“ವಾರದಾಗ ಆರು ದಿನ ಕಾಲೇಜಿನವರದು. ಒಂದು ದಿನಾರ ಮನ್ಯಾಗ ಇರಬಾರದೇನು ಹುಡುಗಿ?”

“ಅವರ ಸೂಟಿ ಬ್ಯಾರೆ, ಐತವಾರ ಐತ್ರಿ,” ಎಂದಳು ಅವ್ವ.

“ಮತ್ತ ನಾನು ಯಾವಾಗ ನೋಡ್ಲಿ ಇಕೀನ? ಮಲಗಿದಾಗೇನು?”

ಅಪ್ಪ ಕೇಳಿದ್ದು ನನಗೆ ತಪ್ಪು ಎನಿಸಲಿಲ್ಲ. ನನ್ನ ವರ್ಷ ಹೋಗುವುದೂ ಬೇಕಿರಲಿಲ್ಲ. ಅವ್ವ ಒಳಗೆ ಹೋಗಿ ಕಡಲೆಬೇಳೆ ಅಳೆದು ನೆನೆಹಾಕಿದಳು. ಅಲ್ಲಿಂದಲೇ ಹೇಳಿದಳು, “ಊಟ ಮುಂಜಾನಿ ಏಳಕ್ಕ. ಯಾರೂ ತಕರಾರು ಮಾಡಬ್ಯಾಡ್ರಿ.”

ಮರುದಿನ, ಬುಧವಾರ, ಬೆಳಗಾಗುವ ಮೊದಲೇ ಮನೆಯೆಲ್ಲ ಹೋಳಿಗೆ ವಾಸನೆ. ಎಣ್ಣೆಸ್ನಾನದ ನೀರು ಆರದ ತಲೆಯಲ್ಲಿ ನಾಲ್ವರೂ ಕೂತೆವು. ಆ ಹೊತ್ತಿನಲ್ಲಿ ಹೂರಣ ಗಂಟಲಿಳಿಯುವುದಿಲ್ಲ. ತಮ್ಮ ಕೂತಲ್ಲೇ ತೂಕಡಿಸುತ್ತಿದ್ದ. ಅಪ್ಪ ತುಪ್ಪ ಹಾಕಿಸಿಕೊಂಡು, “ರಾತ್ರಿ ಪಾಳ್ಯಾಗಿನ ಮದವಿ ಊಟ ಆತು ಇದು,” ಎಂದರು. ಅವ್ವ ನಗುತ್ತಾ ಇನ್ನೊಂದು ಬಡಿಸಿದಳು. ಉಂಡ ಕೈ ತೊಳೆದು ಅಪ್ಪ ನನ್ನ ಜೊತೆ ಬಸ್ ನಿಲ್ದಾಣಕ್ಕೆ ಬಂದರು. ಎರಡು ಬಸ್ಸು ಹಿಡಿದು, ಲ್ಯಾಬಿನ ಬಾಗಿಲು ಹಾಕುವ ಮುಂಚೆ ಮುಟ್ಟಿದೆ. ಹೊಟ್ಟೆ ಭಾರ, ಕಣ್ಣು ಭಾರ. ಬ್ಯುರೆಟ್ಟಿನ ಗಾಜುಕೊಳವೆಯ ಮೇಲಿನ ಅಳತೆ ಗೀಟುಗಳು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಮೇಡಂ ಪಕ್ಕದಲ್ಲಿ ಬಂದು ನಿಂತು ನೋಡಿ ಮುಂದೆ ಹೋದರು.

ಆಮೇಲೆ ಒಂದೂ ಬುಧವಾರ ತಪ್ಪಿಸಲಿಲ್ಲ. ಏಳರ ಊಟ ಕೆಲವು ವಾರ ನಡೆಯಿತು. ಒಂದು ವಾರ ಅಪ್ಪನಿಗೆ ಜ್ವರ, ಏಳಲಿಲ್ಲ. ಮುಂದಿನ ವಾರ ತಮ್ಮ ಏಳಲಿಲ್ಲ. ಆಮೇಲೆ ಅವ್ವ ನನ್ನದನ್ನು ಡಬ್ಬಿಗೆ ಹಾಕಿ ಕೊಡತೊಡಗಿದಳು, ಉಳಿದವರು ಎದ್ದಾಗ ಉಂಡರು. ಇನ್ನು ಇಷ್ಟೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆಗೆ ಕೂಡಿಸಿದರು, ಪಾಸಾದೆ. ಫಲಿತಾಂಶ ಬಂದ ದಿನ ಅಪ್ಪ ಎರಡನೇ ಪಾಳಿಗೆ ಹೋಗಿದ್ದರು. ಅವ್ವ ಅವರ ತಟ್ಟೆ ಮುಚ್ಚಿಟ್ಟು, “ಬಂದ ಮ್ಯಾಲೆ ನಾನ ಹೇಳ್ತೀನಿ, ನೀ ಮಲ್ಕೋ,” ಎಂದಳು. ಮಲಗಿದೆ.